ಪಕ್ಕಕ್ಕೆ ಸರಿಯದ ಕೋನ್‌ಗಳ ಸನ್ನಿಧಿಗೆ

ಅಂತರಕಾಲೇಜು ಕಾರು ರೇಸಿನ ಟ್ರ್ಯಾಕಿನ ಇಕ್ಕೆಲಗಳಲ್ಲೂ ಸಾಲಾಗಿ ನಿಂತು ಸೇವೆ ಸಲ್ಲಿಸುತ್ತಿರುವ ಸಮಸ್ತ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನ್‌ಗಳಿಗೆ,

ಮಾನ್ಯರೇ,

ತಾವೆಲ್ಲರೂ ತುದಿಯಿಂದ ಬುಡದವರೆಗೆ ಕ್ಷೇಮವಾಗಿದ್ದೀರೆಂದು ನಂಬಿ ಈ ಪತ್ರ ಆರಂಭಿಸಬೇಕೆಂಬ ಆಸೆ ನನಗಿತ್ತು. ಆದರೆ ತಮ್ಮಲ್ಲಿ ಹಲವರು ಕ್ಷೇಮವಾಗಿಲ್ಲವೆಂಬುದೂ, ಅದಕ್ಕೆ ಕಾರಣ ನಾನೇ ಎಂಬುದೂ ಈಗಾಗಲೇ ಜಗಜ್ಜಾಹೀರಾಗಿರುವುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಕಳೆದ ಸ್ಪರ್ಧೆಯಲ್ಲಿ, ನಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಾವೇ ಬೆಸೆದು, ತಾವೇ ಉಜ್ಜಿ, ತಾವೇ ಬಣ್ಣ ಬಳಿದು ಕಟ್ಟಿದ ಕಾರನ್ನು ಓಡಿಸಿದ ಹುಡುಗಿ ನಾನು. ತಾವು ನನ್ನನ್ನು ಹೆಚ್ಚಾಗಿ ಕಾರಿನ ಅಡಿಯಿಂದ ನೋಡಿರುವುದರಿಂದ ಗುರುತು ಹತ್ತದಿರಬಹುದು.

ನಮ್ಮ ಅಭ್ಯಾಸದ ಕ್ರಮವನ್ನು ತಾವು ದಯವಿಟ್ಟು ತಿಳಿಯಬೇಕು. ತಮ್ಮ ಬಂಧುಗಳಲ್ಲಿ ಕೆಲವರು ನಮ್ಮ ಕಾಲೇಜಿನ ಉಗ್ರಾಣದಲ್ಲೂ ಒಬ್ಬರ ತಲೆಯ ಮೇಲೊಬ್ಬರು ಕೂತು ಧೂಳು ತಿನ್ನುತ್ತಿದ್ದಾರೆ. ಅವರನ್ನು ಕಳಿಸಿಕೊಡಿ ಎಂದು ಕೇಳಲು ಹೋದಾಗ ಉಗ್ರಾಣದ ಮೇಲ್ವಿಚಾರಕರು "ಕೊಟ್ರೆ ನೀವು ಗುದ್ದಿ ಹಾಳು ಮಾಡ್ತೀರಮ್ಮ" ಎಂದು ಬೀಗದ ಕೈಯನ್ನು ಜೇಬಿಗಿಳಿಸಿದರು. ಆ ದಿನ ಅವರನ್ನು ಜಿಪುಣರೆಂದು ಬೈದಿದ್ದೆ, ಈಗ ತ್ರಿಕಾಲಜ್ಞಾನಿಗಳೆಂದು ಒಪ್ಪಿಕೊಂಡಿದ್ದೇನೆ. ಹೀಗಾಗಿ ವರ್ಕ್‌ಶಾಪಿನ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ತಮ್ಮ ಸ್ಥಾನಕ್ಕೆ ನಮ್ಮ ತಂಡದವರೇ ಬಂದು ನಿಂತರು: ಮೊದಲ ತಿರುವಿಗೆ, ಎಲ್ಲರೂ ಕಂಬ ಎಂದು ಕರೆಯುವ ನಮ್ಮ ಉದ್ದನೆಯ ಬ್ರೇಕ್ ತಜ್ಞ, ನಡುವಿನ ತಿರುವಿಗೆ ವೆಲ್ಡಿಂಗ್ ಮಾಡುವ ಅಕ್ಕ, ಕೊನೆಯ ಇಕ್ಕಟ್ಟಿನ ತಿರುವಿಗೆ ಸಾಕ್ಷಾತ್ ಕ್ಯಾಪ್ಟನ್. ನಾನು ತುಸು ಹತ್ತಿರ ಬಂದರೆ ಕಂಬ "ಅಯ್ಯಯ್ಯೋ" ಎಂದು ಹಿಂದಕ್ಕೆ ಹಾರುತ್ತಿದ್ದ, ಅಕ್ಕ "ಏಯ್, ಕಣ್ಣು ಕಾಣಲ್ವಾ ನಿಂಗೆ?" ಎಂದು ಬೈಯುತ್ತಲೇ ಸರಿಯುತ್ತಿದ್ದಳು, ಕ್ಯಾಪ್ಟನ್ ಮಾತ್ರ ಬಹಳ ಘನತೆಯಿಂದ, ಆದರೆ ಎಲ್ಲರಿಗಿಂತ ಮೊದಲೇ, ಹುಲ್ಲಿನ ಮೇಲೆ ಹೋಗಿ ನಿಂತಿರುತ್ತಿದ್ದ.

ಅಭ್ಯಾಸ ಮುಗಿದ ಮೇಲೆ ವರ್ಕ್‌ಶಾಪಿನ ಕಪ್ಪು ಹಲಗೆಯ ಮೇಲೆ ಅವನೇ ದಪ್ಪಕ್ಷರದಲ್ಲಿ ಬರೆಯುತ್ತಿದ್ದ: ತಾಗಿಸಿದ ಕೋನ್, ಸೊನ್ನೆ. ಇಡೀ ಸೆಮಿಸ್ಟರ್ ಸೊನ್ನೆ. ನನ್ನಂಥ ಚಾಲಕಿ ಯಾವ ಕಾಲೇಜಿಗೂ ಸಿಕ್ಕಿಲ್ಲವೆಂದು ತಂಡದವರೆಲ್ಲ ಬೀಗಿದರು. ಹಗಲಿಡೀ ಘರ್ಷಣೆಯ ಲೆಕ್ಕ ಮಾಡುವ ಇಷ್ಟು ಮಂದಿಯಲ್ಲಿ ಒಬ್ಬರಿಗಾದರೂ, ಆ ಸೊನ್ನೆಗೆ ಕಾರಣ ನನ್ನ ಕೈಚಳಕವಲ್ಲ, ನಮ್ಮ ಕೋನ್‌ಗಳಿಗೆ ಕಾಲಿರುವುದು ಎಂಬುದು ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಹೊಗಳಿಕೆ ಕಿವಿಗೆ ಬೀಳುತ್ತಿರುವಾಗ ಬುದ್ಧಿ ಎಲ್ಲಿ ಕೆಲಸ ಮಾಡುತ್ತದೆ ಹೇಳಿ.

ಸ್ಪರ್ಧೆಯ ದಿನ ಹಸಿರು ಬಾವುಟ ಬೀಸಿದ ಕೂಡಲೇ ನಾನು ಮೊದಲ ತಿರುವಿಗೆ ವಾಡಿಕೆಯಂತೆ ಸ್ವಲ್ಪ ಧಾರಾಳವಾಗಿಯೇ ನುಗ್ಗಿದೆ. ತಮ್ಮ ನಿಷ್ಠೆಗೆ ತಲೆಬಾಗುತ್ತೇನೆ: ತಾವು ಅಲುಗಲಿಲ್ಲ, ಅರಚಲಿಲ್ಲ, ಬೈಯಲೂ ಇಲ್ಲ. ಎದುರಿಗೆ ಯಾರು ಬಂದು ಎಷ್ಟು ಆರ್ಭಟಿಸಿದರೂ ಜಾಗ ಬಿಟ್ಟು ಕದಲದ ಇಂಥ ಕರ್ತವ್ಯಪ್ರಜ್ಞೆಯನ್ನು ನಾನು ಈವರೆಗೆ ಕಚೇರಿಗಳ ಕೌಂಟರಿನಾಚೆ ಮಾತ್ರ ಕಂಡಿದ್ದೆ. ತಾವು ಮೊದಲು ಒಬ್ಬೊಬ್ಬರಾಗಿ, ಆಮೇಲೆ ಜೋಡಿಜೋಡಿಯಾಗಿ, ಕಡೆಗೆ ಸಹಕುಟುಂಬ ಸಪರಿವಾರ ಉರುಳಿದಿರಿ, ಮತ್ತು ಉರುಳಿದ ಪ್ರತಿಯೊಬ್ಬರ ಹೆಸರಿನಲ್ಲೂ ತೀರ್ಪುಗಾರರು ನನ್ನ ಓಟದ ಸಮಯಕ್ಕೆ ಎರಡೆರಡು ಸೆಕೆಂಡು ಸೇರಿಸುತ್ತಾ ಹೋದರು. ತಮ್ಮಲ್ಲೊಬ್ಬರಂತೂ ಕಾರಿನ ಮೂತಿಗೆ ಸಿಕ್ಕಿಕೊಂಡು ಅರ್ಧ ಸುತ್ತು ನನ್ನ ಜೊತೆಗೇ ಪ್ರಯಾಣ ಮಾಡಿದರು. ಗ್ಯಾಲರಿಯಲ್ಲಿ ಕೂತಿದ್ದ ನನ್ನ ಅಮ್ಮ, ಬೀಳಿಸಿದಷ್ಟೂ ಅಂಕ ಸಿಗುತ್ತದೆಂದು ತಿಳಿದು ಒಂದೊಂದು ಕೋನ್ ಬಿದ್ದಾಗಲೂ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಓಟ ಮುಗಿದ ಮೇಲೆ ಬಂದು "ಕೊನೇಲಿ ಒಂದು ಉಳಿದುಬಿಡ್ತಲ್ಲೇ" ಎಂದು ನನಗಾಗಿ ಮರುಗಿದಳು. ಬಂದ ತಂಡಗಳಲ್ಲಿ ನಮಗೆ ಕೊನೆಯ ಸ್ಥಾನ ಸಿಕ್ಕಿತು.

ಇಷ್ಟಾದರೂ ನಾನು ತಮ್ಮನ್ನು ದೂರುತ್ತಿರಲಿಲ್ಲ. ಆದರೆ ಕ್ಯಾಪ್ಟನ್ ಈಗ "ಸೀಟು ನಿಂದೇ ಅಂತ ಎಲ್ಲೂ ಬರೆದಿಲ್ಲ, ಓಡಿಸೋದು ಹೇಗೆ ಅಂತ ನಾನು ತೋರಿಸ್ತೀನಿ" ಎಂದು ಹೊರಟಿದ್ದಾನೆ. ನಮ್ಮ ಸೋಲಿನ ಸುದ್ದಿಗೆ ಕರಗಿದ ಉಗ್ರಾಣದವರು ಬೀಗ ತೆಗೆಯಲು ಒಪ್ಪಿದ್ದಾರೆ. ಶನಿವಾರ ಅದೇ ಪಾರ್ಕಿಂಗ್ ಜಾಗದಲ್ಲಿ ತಮ್ಮ ಬಂಧುಗಳ ನಡುವೆ ನಾವಿಬ್ಬರೂ ಓಡಿಸಬೇಕು, ಕಡಿಮೆ ಕೆಡವಿದವರಿಗೆ ಸೀಟು. ಮಾನ್ಯರೇ, ಆ ಸೀಟು ನನಗೆ ಬೇಕು. ಅದರ ಅಚ್ಚನ್ನು ನನ್ನ ಬೆನ್ನಿಗೇ ತೆಗೆದದ್ದು, ಫೋಮ್ ಗಟ್ಟಿಯಾಗುವವರೆಗೆ ಮೂಗು ತುರಿಸಿದರೂ ಕೈ ಎತ್ತದೆ ಕೂತವಳು ನಾನು. ಅದರಲ್ಲಿ ಇನ್ನೊಬ್ಬರು ಕೂರುವುದನ್ನು ನೆನೆದರೇ ನನಗೆ ಅಳು ಬರುತ್ತದೆ.

ಆದಕಾರಣ ತಮ್ಮ ಬಂಧುಗಳಿಗೆ ನನ್ನ ಪರವಾಗಿ ನಾಲ್ಕು ಮಾತು ಹೇಳಬೇಕಾಗಿ ವಿನಂತಿ. ನಾನು ಬರುವಾಗ ಒಂದು ಗೇಣು ಸರಿದುಕೊಳ್ಳಲಿ. ಸರಿಯಲಾಗದಿದ್ದರೆ ಬಾಯಿ ತುಂಬ ಬೈಯಲಿ, ಏಕೆಂದರೆ ಬೈಗುಳ ಕೇಳದೆ ಬ್ರೇಕ್ ಒತ್ತುವ ಅಭ್ಯಾಸ ನನ್ನ ಕಾಲಿಗಿಲ್ಲ. ಬೀಳಲೇಬೇಕಾಗಿ ಬಂದರೆ ಯಾರೂ ನೋಡುವ ಮುನ್ನ ತಾವೇ ಎದ್ದು ನಿಂತು ಮೈ ಕೊಡವಿಕೊಳ್ಳಲಿ. ಕ್ಯಾಪ್ಟನ್ ಬರುವಾಗ ಮಾತ್ರ ತಮ್ಮ ವಂಶದ ನಿಷ್ಠೆಯನ್ನು ಯಾವ ಕಾರಣಕ್ಕೂ ಕೈಬಿಡಬಾರದು.

ಬಿದ್ದವರೆಲ್ಲರ ಕ್ಷಮೆ ಕೋರುತ್ತಾ,

ತಮ್ಮ ವಿಶ್ವಾಸಿ,
ಸದ್ಯಕ್ಕೆ ಚಾಲಕಿ

ವಿ.ಸೂ.: ಈ ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ ಶನಿವಾರ ಕಳೆದೇ ಹೋಯಿತು. ನಾನು ತಮ್ಮ ಬಂಧುಗಳಲ್ಲಿ ಒಂಬತ್ತು ಮಂದಿಯನ್ನು ಕೆಡವಿದೆ. ಕ್ಯಾಪ್ಟನ್ ಹನ್ನೊಂದು ಮಂದಿಯನ್ನು ಕೆಡವಿ, ಕಾರಿನಿಂದಿಳಿದು, "ಇವನ್ನು ಯಾರು ಇಷ್ಟು ಅಡ್ಡಾದಿಡ್ಡಿ ಇಟ್ಟಿದ್ದು?" ಎಂದು ಕಂಬನ ಮೇಲೆ ರೇಗಿದ. ಸೀಟು ನನಗೇ ಉಳಿಯಿತು. ಮುಂದಿನ ಸ್ಪರ್ಧೆಗೂ ನಾನೇ ಬರುತ್ತಿದ್ದೇನೆ. ದಯವಿಟ್ಟು ಎಲ್ಲರೂ ಮನೆಯಲ್ಲಿ ಹೇಳಿ ಬನ್ನಿ.