ಕೆರೆಯ ತಳದಲ್ಲಿ ಮಲಗಿರುವವರ ಬಗ್ಗೆ

ಇಂದ:
ಹರ್ಷಿತ, ಕಥೆಗಾರ್ತಿ,
ಮರಳುಕಟ್ಟೆ, ಸಾಸಲು ಹೋಬಳಿ, ದೊಡ್ಡಬಳ್ಳಾಪುರ ತಾಲ್ಲೂಕು.

ಗೆ:
ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಮರಳುಕಟ್ಟೆ.

ವಿಷಯ: ಅರ್ಜಿದಾರಳ ಕಥೆಯಿಂದ ನಿಂತಿದ್ದ ಕೆರೆಯ ಹೂಳೆತ್ತುವ ಕಾಮಗಾರಿ ಮತ್ತೆ ಶುರುವಾಗಿರುವ ಬಗ್ಗೆ.
ಉಲ್ಲೇಖ: ಸೋಮವಾರ ತಾವು ದೂರವಾಣಿಯಲ್ಲಿ ಬೈದದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಹರ್ಷಿತ ಬರೆಯುವುದು ದೆವ್ವದ ಕಥೆಯಲ್ಲವೆಂದು ಮೊದಲಿಗೆ ತಿಳಿಯಪಡಿಸಲಾಗಿದೆ. ದೆವ್ವಕ್ಕೆ ಮನುಷ್ಯರ ಮೇಲೆ ಸಿಟ್ಟಾದರೂ ಇರುತ್ತದೆ. ಆಕೆಯ ಕಥೆಗಳಲ್ಲಿ ಬರುವವು ನಕ್ಷತ್ರಗಳಾಚೆಯ ಜೀವಗಳು. ಅವಕ್ಕೆ ನಾವು ಇದ್ದೇವೆಂಬುದೇ ಗೊತ್ತಿಲ್ಲ.

1. ಅಂಥದೊಂದು ಜೀವ ಮನುಷ್ಯ ಹುಟ್ಟುವ ಮುಂಚಿನಿಂದ ನಮ್ಮೂರ ಕೆರೆಯ ತಳದಲ್ಲಿ ಮಲಗಿದೆ, ಕೆದಕಿದವರ ಬುದ್ಧಿ ಕೆಡುತ್ತದೆ, ಎದ್ದರೆ ಲೋಕವನ್ನೇ ನುಂಗುತ್ತದೆ ಎಂದು ಆಕೆ ಪುಸ್ತಕದಲ್ಲಿ ಬರೆದಳು. ಜೆಸಿಬಿ ಚಾಲಕ ಬೀರೇಶ್ ಆ ಪುಸ್ತಕವನ್ನು ಕೆರೆಯಂಗಳದಲ್ಲೇ ಕೂತು ಓದಿ, ಕೀ ಕಿತ್ತುಕೊಂಡು ಮನೆಗೆ ನಡೆದ. "ಬುದ್ಧಿ ಇರೋದೇ ಒಸಿ ಕಣಕ್ಕ. ಅದೂ ಹೋದ್ರೆ ಹೆಣ್ಣು ಯಾರು ಕೊಡ್ತಾರೆ?" ಎಂದು ಹರ್ಷಿತಳಿಗೆ ಅಂದ.

2. ಆ ಕಾರಣ ಕೆಲಸ ನಿಂತಿತು. ಮಳೆಗಾಲ ಹತ್ತಿರವಿತ್ತು. ಹೂಳು ತೆಗೆಯದಿದ್ದರೆ ನೀರು ನಿಲ್ಲದು, ಬೋರ್‌ವೆಲ್‌ಗಳು ಬತ್ತುತ್ತವೆ. ಊರಿನವರು ಹರ್ಷಿತಳ ಮನೆ ಮುಂದೆ ಸೇರಿದರು. "ಬರ್ದೋಳು ನೀನು. ನೀನೇ ಇಳಿದು ಏನೂ ಆಗಲ್ಲ ಅಂತ ತೋರ್ಸಮ್ಮ" ಎಂದರು ಹಿರಿಯರಾದ ಮುನಿಶಾಮಪ್ಪನವರು.

ಆದ್ದರಿಂದ ಬುಧವಾರ ಬೆಳಿಗ್ಗೆ ಆಕೆ ಕೆರೆಗೆ ಇಳಿದಳು. ಬೀರೇಶ್ ಅರ್ಧಕ್ಕೆ ಬಿಟ್ಟಿದ್ದ ಗುಂಡಿಯ ಅಂಚಿನಲ್ಲಿ, ತಾನೇ ಕಟ್ಟಿದ ಸುಳ್ಳಿನ ಮುಂದೆ, ಆಕೆ ಎರಡು ಹೆಜ್ಜೆ ಹಿಂದಕ್ಕೆ ಸರಿದದ್ದು ನಿಜ. ಅಷ್ಟರಲ್ಲಿ ಆಕೆಯ ಅಜ್ಜಿ ನಾರಾಯಣಮ್ಮ ಬಾಳೆಲೆಯಲ್ಲಿ ಮೊಸರನ್ನ ಹಿಡಿದು ಬಂದರು.

"ಅಜ್ಜಿ, ಅದು ಊಟ ಮಾಡಲ್ಲ. ಅದಕ್ಕೆ ಬಾಯೇ ಇಲ್ಲ."

"ನೀನು ನೋಡಿದ್ಯೇನೆ? ಅಷ್ಟು ಕಾಲದಿಂದ ಒಬ್ನೇ ಮಲಗವ್ನೆ ಅಂತ ಬರ್ದಿದ್ದೀಯ. ಒಂದು ತುತ್ತು ಇಕ್ಕೋರು ಬೇಡ್ವಾ?"

ಅಜ್ಜಿ ಎಲೆ ಇಟ್ಟು, ಗುಂಡಿಯೊಳಕ್ಕೆ ಬಗ್ಗಿ ಕೂಗಿದರು: "ಏನಪ್ಪಾ, ಒಸಿ ಅತ್ಲಾಗೆ ಸರ್ಕೊ. ಹೂಳು ತೆಗೀಬೇಕು!"

ದಡದ ಮೇಲಿದ್ದ ಬೀರೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಜೆಸಿಬಿ ಹತ್ತಿದ.

3. ಕೆಲಸ ಈಗ ಸರಾಗವಾಗಿ ನಡೆದಿದೆ. ಹರ್ಷಿತಳ ಮೇಲೆ ಯಾರಿಗೂ ಸಿಟ್ಟಿಲ್ಲ. ಲೋಕವನ್ನೇ ನುಂಗಬೇಕಿದ್ದ ಜೀವವನ್ನು ಅಜ್ಜಿ ಪಕ್ಕಕ್ಕೆ ಸರಿಸಿಬಿಟ್ಟರಲ್ಲ ಎಂದು ಆಕೆಗೆ ಮಾತ್ರ ತುಸು ಬೇಸರ.

ಆದಕಾರಣ, ಕೆರೆಯ ಮೂಡಲ ಮೂಲೆಯಲ್ಲಿ ಒಂದು ಚಾಪೆ ಹಾಸುವಷ್ಟು ಜಾಗವನ್ನು ಅಗೆಯದೆ ಬಿಡಬೇಕೆಂದು ಕೋರಿಕೆ. "ಸರ್ಕೊಂಡೋನು ಎಲ್ಲಿ ಮಲಗ್ಬೇಕು?" ಎಂದು ಅಜ್ಜಿ ದಿನವೂ ಕೇಳುತ್ತಿದ್ದಾರೆ.

ತಮ್ಮ ವಿಶ್ವಾಸಿ (ರಾತ್ರಿ ಕಥೆ ಬರೆಯುವ ಹೊತ್ತು ಬಿಟ್ಟು),
ಹರ್ಷಿತ

ಲಗತ್ತು: ಸದರಿ ಪುಸ್ತಕ, ಒಂದು ಪ್ರತಿ.

ವಿ.ಸೂ.: ಜಾಗ ಬಿಡಲು ಸಾಧ್ಯವಿಲ್ಲದಿದ್ದಲ್ಲಿ, ಆ ವಿಷಯವನ್ನು ತಾವೇ ಖುದ್ದಾಗಿ ಬಂದು ಅಜ್ಜಿಗೆ ಹೇಳುವುದು.