ಬುಗುರಿ ಕಂಪನಿಯ ಮೊದಲ ನೇಮಕ

ಬ್ರಹ್ಮದೇವರು ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರನ್ನು ನೇಮಿಸಿದ ಮೇಲೆ ಆ ವಿದ್ಯೆ ಭೂಲೋಕದಲ್ಲಿ ಒಲಿದದ್ದು ಒಬ್ಬರಿಗೇ: ಚನ್ನಪಟ್ಟಣದ ಗೊಬ್ಬರದಂಗಡಿ ವೃಷಭೇಂದ್ರಪ್ಪನವರಿಗೆ. ಮನೆಯಲ್ಲಿ ಉಪ್ಪಿಟ್ಟು ಕೆದಕುವುದಕ್ಕೂ ಒಬ್ಬ ಉಸ್ತುವಾರಿ, ಒಬ್ಬ ಉಪ ಉಸ್ತುವಾರಿ. ಸ್ವಂತ ಮದುವೆಯಲ್ಲಿ ತಾಳಿ ಹಿಡಿದುಕೊಳ್ಳಲು ಒಬ್ಬನನ್ನು, ಅವನು ಹಿಡಿದಿದ್ದಾನೋ ಇಲ್ಲವೋ ನೋಡಲು ಇನ್ನೊಬ್ಬನನ್ನು ನೇಮಿಸಿ ಮುಹೂರ್ತವನ್ನೇ ಮೀರಿಸಿದ್ದರಂತೆ. (ಹೆಂಡತಿ ಗಿರಿಜಾಂಬ ಇದನ್ನಿನ್ನೂ ಮರೆತಿಲ್ಲ.)

ಇಂಥವರು ಐವತ್ತೈದನೇ ವಯಸ್ಸಿನಲ್ಲಿ ಬೊಂಬೆಯ ಸ್ಟಾರ್ಟಪ್ ತೆರೆದರು. ಹಿಂದಿನ ಬೀದಿಯ ಶರ್ಫುನ್ನೀಸಾ ಲೇತಿನಲ್ಲಿ ಕಡೆದು, ಅರಗಿನ ಬಣ್ಣ ಹಚ್ಚಿಕೊಟ್ಟ, ಇವರು ಒಯ್ದು ತೋರಿಸಿದ ಒಂದೇ ಒಂದು ಬುಗುರಿಗೆ ಮರುಳಾಗಿ ಬೆಂಗಳೂರಿನ ಶಾಲೆಯೊಂದು, ಯುಗಾದಿಯೊಳಗೆ ಐನೂರು ಬೇಕೆಂದಿತ್ತು.

“ಮೊದ್ಲು ಶರ್ಫುನ್ನೀಸಾನ ಕೆಲ್ಸಕ್ಕೆ ತಕ್ಕೊಳ್ರೀ,” ಎಂದರು ಗಿರಿಜಾಂಬ.

“ಅದೆಂಗಾಯ್ತದೆ? ಅವ್ಳನ್ನ ಇಂಟರ್‌ವ್ಯೂ ಮಾಡಾಕೆ ಮ್ಯಾನೇಜರ್ ಬ್ಯಾಡ್ವಾ?”

“ನೀವೇ ಮಾಡಿ. ಬಾಯಿಲ್ವಾ?”

“ಮಾಲೀಕನೇ ಮಾಡ್ಬುಟ್ರೆ ಕಂಪ್ನಿ ಮರ್ಯಾದೆ ಏನಾಗ್ಬೇಕು?”

ಮ್ಯಾನೇಜರಾಗಿ ಷಡ್ಡಕ ಚನ್ನಲಿಂಗಪ್ಪ ಬಂದ. ಆಳಲು ಅವನಿಗೊಬ್ಬರು ಬೇಕಲ್ಲ, ಸೂಪರ್‌ವೈಸರ್ ಸಿದ್ದಯ್ಯ ಬಂದ. ಮುಂದೆಂದೋ ತಯಾರಾಗಲಿರುವ ಬುಗುರಿಗಳನ್ನು ಕಾಯಲು ಅಕ್ಕೂರಿನ ಕೆಂಚಯ್ಯ ಬಂದು ಖಾಲಿ ಶೆಡ್ಡಿನ ಮುಂದೆ ದೊಣ್ಣೆ ಹಿಡಿದು ನಿಂತ.

ಶರ್ಫುನ್ನೀಸಾ ಮೂರು ಸಲ ಬಂದಳು. ಮೊದಲ ಸಲ ಮ್ಯಾನೇಜರಿಗೆ ಕುರ್ಚಿ ಬಂದಿರಲಿಲ್ಲ. ಎರಡನೇ ಸಲ ಅರ್ಜಿ ಅಚ್ಚಾಗಿರಲಿಲ್ಲ. ಮೂರನೇ ಸಲ, ಕಂಪನಿಯ ಗುರುತಿನ ಚೀಟಿ ಇಲ್ಲದವರನ್ನು ಬಿಡುವುದಿಲ್ಲವೆಂದು ಕೆಂಚಯ್ಯ ದೊಣ್ಣೆ ಅಡ್ಡ ಹಿಡಿದ. (ಆ ಕಂಪನಿಯಲ್ಲಿ ಕೊಟ್ಟ ಕೆಲಸ ಮಾಡಿದವನು ಅವನೊಬ್ಬನೇ.)

ಯುಗಾದಿಗೆ ಹತ್ತು ದಿನವಿರುವಾಗ ಶಾಲೆಯಿಂದ ಫೋನು ಬಂತು. “ನೀವು ತೊಂದರೆ ತಗೋಬೇಡಿ ಸಾರ್, ಬುಗುರಿ ಮಾಡಿದವರೇ ನಮಗೆ ಸಿಕ್ಕಿದರು.”

ವೃಷಭೇಂದ್ರಪ್ಪ ಚಪ್ಪಲಿ ಮೆಟ್ಟಿಕೊಂಡು, ಯಾರನ್ನೂ ಕಳಿಸದೆ, ತಾವೇ ಹಿಂದಿನ ಬೀದಿಗೆ ಹೋದರು. ಲೇತಿನ ಮೇಲೆ ಗಿರಗಿರ ತಿರುಗುವ ಮರಕ್ಕೆ ಅರಗು ತಾಗಿ ಹಳದಿ ಬಣ್ಣ ಏರುತ್ತಿತ್ತು. ‘ನಾಳೆಯಿಂದ ಬಾರಮ್ಮ’ ಎಂಬ ಎರಡೇ ಮಾತು ಸಾಕಾಗಿತ್ತಲ್ಲ ಎಂದು ಅವರಿಗೆ ಆಗ ಹೊಳೆಯಿತು.

“ಬನ್ನಿ ಅಣ್ಣಾ,” ಎಂದಳು ಶರ್ಫುನ್ನೀಸಾ, ಕೈ ನಿಲ್ಲಿಸದೆ. “ಐನೂರು ಆಗ್ಬೇಕು, ಕೈ ಸಾಲ್ತಿಲ್ಲ. ತಾಳೆಗರಿ ಒತ್ತಿ ಹೊಳಪು ಕೊಡಾಕೆ ಒಬ್ರು ಬೇಕಿತ್ತು. ನಿಮ್ ಕಂಪ್ನೀಲಿ ಅಷ್ಟು ಜನ ಅವ್ರಲ್ಲ, ಯಾರ್ಗಾದ್ರೂ ಬತ್ತದಾ?”

ವೃಷಭೇಂದ್ರಪ್ಪ ತಲೆ ತಗ್ಗಿಸಿದರು.

“ಯಾರ್ಗೂ ಬರಾಕಿಲ್ಲ ಕಣಮ್ಮ. ನಂಗೂ ಬರಾಕಿಲ್ಲ.”