ಭಾವನ ಹೋಲ್ಡಾನ್ ಹಕ್ಕಿ

ನಮ್ಮ ಭಾವನಷ್ಟು ಹಕ್ಕಿಗಳನ್ನು ಪ್ರೀತಿಸಿದವರು ಹೊಸನಗರ ಸೀಮೆಯಲ್ಲೇ ಇಲ್ಲ. ಅವರಷ್ಟು ಹಕ್ಕಿಗಳನ್ನು ಹೆದರಿಸಿ ಓಡಿಸಿದವರೂ ಇಲ್ಲ!

ಭಾವ ಅಂದರೆ ನನ್ನ ಅಕ್ಕನ ಗಂಡ. ಮೂವತ್ತು ವರ್ಷ ಘಾಟಿ ಬಸ್ಸಿನ ಕಂಡಕ್ಟರು. ಈಗ ನಿವೃತ್ತರು. ಆದರೆ ನಿವೃತ್ತಿಯಾದದ್ದು ಸಮವಸ್ತ್ರ ಮಾತ್ರ. ಕಂಡಕ್ಟರು ಇನ್ನೂ ಸರ್ವಿಸಿನಲ್ಲೇ ಇದ್ದಾನೆ. ಊಟಕ್ಕೆ ಕೂತಾಗ ಸಾರು ಸಾಕು ಅನ್ನಿಸಿದರೆ ಎಲ್ಲರ ಹಾಗೆ ಕೈ ಅಡ್ಡ ಹಿಡಿಯುವುದಿಲ್ಲ. "ಹೋಲ್ಡಾನ್!" ಅನ್ನುತ್ತಾರೆ. ಅಂದರೆ ನಿಲ್ಲಿಸು. ಪಾಯಸದ ಪಾತ್ರೆ ಕಂಡರೆ "ರೈಟ್, ರೈಟ್!" ಅಂದರೆ ಮುಂದೆ ಹೋಗಲಿ, ಬಡಿಸುತ್ತಲೇ ಇರಲಿ. ಕೊರಳಲ್ಲಿ ಜನಿವಾರ ತಪ್ಪಿದರೂ ತಪ್ಪೀತು, ಆ ಹಳೇ ಸೀಟಿ ತಪ್ಪದು.

ಇಂಥವರಿಗೆ ಹಕ್ಕಿ ಹುಚ್ಚು ಹತ್ತಿದ್ದಾದರೂ ಹೇಗೆ? ಅದಕ್ಕೆ ಒಂದು ಸೇತುವೆ ಕಾರಣ. ಅವರ ಬಸ್ಸು ಹೊಸನಗರ ಬಿಟ್ಟು, ಮಾಸ್ತಿಕಟ್ಟೆ ದಾಟಿ, ಹುಲಿಕಲ್ ಘಾಟಿ ಇಳಿದು, ಕುಂದಾಪುರ ಕಳೆದ ಮೇಲೆ ಒಂದು ಉದ್ದನೆಯ ಸೇತುವೆ ಹತ್ತುತ್ತಿತ್ತು. ಕೆಳಗೆ ಹೊಳೆ ಸಮುದ್ರ ಸೇರುವ ಜಾಗ. ಚಳಿಗಾಲದಲ್ಲಿ ನೀರು ಇಳಿದಾಗ ಅಲ್ಲಿನ ಕೆಸರಿನ ಮೇಲೆ ಎಲ್ಲೆಲ್ಲಿಂದಲೋ ಬಂದ ಹಕ್ಕಿಗಳು. ಅದರಲ್ಲೊಂದು ಹಕ್ಕಿ ಮಣ್ಣಿನ ಬಣ್ಣದ್ದು, ಕೋಳಿಯಷ್ಟು ದೊಡ್ಡದು, ಕೊಕ್ಕು ಮಾತ್ರ ಕುಡುಗೋಲಿನ ಹಾಗೆ ಕೆಳಕ್ಕೆ ಬಾಗಿದ್ದು. ಭಾವ ಬಾಗಿಲಲ್ಲಿ ನೇತಾಡುತ್ತ ಅದನ್ನು ನೋಡುತ್ತಿದ್ದದ್ದು ಸೇತುವೆ ಮುಗಿಯುವಷ್ಟು ಹೊತ್ತು. ಸೇತುವೆ ಮೇಲೆ ಸ್ಟಾಪ್ ಇಲ್ಲವಲ್ಲ! ಹೀಗೆ ಮೂವತ್ತು ಚಳಿಗಾಲ, ಒಂದೊಂದು ನಿಮಿಷದ ಕಂತಿನಲ್ಲಿ.

ಮನೆಗೆ ಬಂದು ಹೇಳಿದರೆ ಅಕ್ಕ ನಂಬಬೇಕಲ್ಲ!

"ಕೊಕ್ಕು ಎಷ್ಟುದ್ದ ಅಂದ್ರಿ?"

"ಗೇಣುದ್ದ ಕಣೇ."

"ಹೋದ ವರ್ಷ ಆರು ಬೆರಳು ಅಂದಿದ್ರಿ. ಮುಂದಿನ ವರ್ಷಕ್ಕೆ ಮೊಳ ಆಗತ್ತೆ ಬಿಡಿ. ಅಷ್ಟುದ್ದ ಕೊಕ್ಕಿಟ್ಕಂಡು ಅದು ಮುಗ್ಗರಿಸಿ ಬೀಳಲ್ವಾ?"

ಅಂದಿನಿಂದ ನಮ್ಮ ಮನೆತನದಲ್ಲಿ ಯಾರು ಬಂಡಲ್ ಬಿಟ್ಟರೂ ಅದಕ್ಕೆ "ಭಾವನ ಹಕ್ಕಿ" ಅಂತಲೇ ಹೆಸರು. ಭಾವ ನಗುತ್ತಿದ್ದರು. ಆದರೆ ಹೋದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಸಾಗರದ ನಮ್ಮನೆಗೆ ಬಂದು, ಕಾಫಿ ಲೋಟ ಕೆಳಗಿಟ್ಟು, "ಭಾವಯ್ಯ, ನಿನ್ನ ಕಾರು ಬೇಕು. ಸಾಯೋದ್ರೊಳಗೆ ನಿಮ್ಮಕ್ಕಂಗೆ ಆ ಹಕ್ಕಿ ತೋರಿಸ್ಬೇಕು" ಅಂದರು. ಆಗ ನನಗೆ ಗೊತ್ತಾಯಿತು, ನಗು ಬರೀ ಚಿಲ್ಲರೆ, ನೋಟು ಒಳಜೇಬಿನಲ್ಲೇ ಇತ್ತು ಅಂತ.

ಸರಿ, ತಯಾರಿ ಶುರು. ಅದೇನು ಉತ್ಸಾಹ! ಹೆಗ್ಗೋಡಿನ ಗೆಳೆಯನಿಂದ ನಾನು ದುರ್ಬೀನು ಕಡ ತಂದೆ. ಭಾವ ನೋಟುಪುಸ್ತಕದಲ್ಲಿ ಗೆರೆ ಹೊಡೆದು ಟೈಮ್‌ಟೇಬಲ್ ಬರೆದರು: ಹೊಸನಗರ ಬಿಡುವುದು ಇಷ್ಟು ಗಂಟೆ, ಮಾಸ್ತಿಕಟ್ಟೆಯಲ್ಲಿ ಟೀಗೆ ಹತ್ತು ನಿಮಿಷ, ಹಕ್ಕಿ ಇಷ್ಟು ಗಂಟೆ.

"ಭಾವ, ಹಕ್ಕಿ ಕೆಸರಿಗೆ ಇಳಿಯೋದು ನೀರು ಇಳಿದಾಗ. ಸಮುದ್ರದ ನೀರು ದಿನಾ ಒಂದೇ ಹೊತ್ತಿಗೆ ಇಳಿಯಲ್ಲ. ದಿನಕ್ಕೆ ಮುಕ್ಕಾಲು ಗಂಟೆ, ಐವತ್ತು ನಿಮಿಷ ತಡ ಆಗ್ತಾ ಹೋಗತ್ತೆ" ಅಂದೆ.

ಭಾವನಿಗೆ ಆಘಾತ! "ದಿನಾ ಐವತ್ತು ನಿಮಿಷ ಲೇಟಾ? ಯಾವ ಡಿಪೋದ್ದು ಮಾರಾಯ ಇದು? ಕೇಳೋರಿಲ್ವಾ?"

ಕಡೆಗೆ ಕೇಳಿದ್ದು ಹಿಂದೆ ಅವರ ಬಸ್ಸಿನಲ್ಲಿ ಮೀನು ಬುಟ್ಟಿ ತರುತ್ತಿದ್ದ ಕುಂದಾಪುರದ ಹೆಂಗಸನ್ನು. ಫೋನಿನಲ್ಲಿ ಆಕೆ ಬಿದ್ದು ಬಿದ್ದು ನಕ್ಕಳು: "ಹಕ್ಕಿ ಕಾಂಬುಕೆ ಬಪ್ಪುದಾ? ಎಂತಕ್ಕೆ, ನಮ್ಮಲ್ಲಿ ಮೀನಿಲ್ಯಾ?" ಆಮೇಲೆ ಲೆಕ್ಕ ಹಾಕಿ, ಅಮಾಸೆ ದಿನ ಸಂಜೆ ಬನ್ನಿ, ನೀರು ಪೂರಾ ಇಳಿದಿರುತ್ತದೆ ಅಂದಳು.

ಹೊರಡುವ ಮೊದಲು ರಿಹರ್ಸಲ್ ಆಗಲೇಬೇಕು ಅಂತ ಭಾವನ ಹಟ. ತೀರ್ಥಹಳ್ಳಿಗೆ ಹೋದೆವು. ಕಾರಿನ ಮುಂದಿನ ಸೀಟು ಕೊಟ್ಟರೆ ಬೇಡ. ಕಂಡಕ್ಟರನ ಜಾಗ ಹಿಂದಿನ ಬಾಗಿಲ ಪಕ್ಕವಂತೆ! ತುಂಗೆಯ ದಡದಲ್ಲಿ ಇಳಿದೆವು. ಬಂಡೆಯ ಮೇಲೆ ಒಂದು ನೀರುಕಾಗೆ ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತಿತ್ತು. ಅಕ್ಕ ಇನ್ನೇನು ದುರ್ಬೀನು ಎತ್ತಬೇಕು, ಅದು ಸ್ವಲ್ಪ ಮಿಸುಕಿತು ನೋಡಿ, ಭಾವನಿಗೆ ತಡೆಯಲಾಗಲಿಲ್ಲ. "ಹೋಲ್ಡಾನ್!" ಅಂತ ಕೂಗಿ ಸೀಟಿ ಊದೇಬಿಟ್ಟರು!

ಹಕ್ಕಿ ನಿಲ್ಲಲಿಲ್ಲ. ಸೇತುವೆ ಮೇಲೆ ಹೋಗುತ್ತಿದ್ದ ಬಸ್ಸು ನಿಂತಿತು!

ಬಾಗಿಲಿಂದ ಬಗ್ಗಿದ ಕಂಡಕ್ಟರು "ಯಾವನೋ ಅವ್ನು ಸೀಟಿ ಹೊಡ್ದಿದ್ದು?" ಅಂತ ಗದರಿ, ಕೆಳಗಿದ್ದವರ ಗುರುತು ಹತ್ತಿ, "ಓ, ನೀವಾ ಸಾರ್! ಬರ್ತೀರಾ? ಸೀಟಿದೆ" ಅಂದ. ಮನೆ ಮುಟ್ಟಿದ ಮೇಲೆ ಅಕ್ಕನದು ಒಂದೇ ಮಾತು: "ಹಕ್ಕಿ ಇದ್ರೂ ನೀವು ಉಳಿಸಲ್ಲ."

ಭಾವನ ಮುಖ ಸಣ್ಣದಾಯಿತು. ಸೀಟಿಯನ್ನು ಕೊರಳಿಂದ ಬಿಚ್ಚಿ ಅಕ್ಕನ ಕೈಗೆ ಕೊಟ್ಟರು. ಮದುವೆಯಲ್ಲಿ ತಾಳಿ ಕಟ್ಟುವಾಗಲೂ ಅವರು ಅಷ್ಟು ಗಂಭೀರವಾಗಿರಲಿಲ್ಲವಂತೆ!

ಆಮೇಲೆ ಅಕ್ಕನ ಸರದಿ. "ಅಮಾಸೆ ದಿನ ಪ್ರಯಾಣ ಹೊರಡೋದಾ?"

"ಬಸ್ಸಿಗೆಲ್ಲಿದೆ ಮಾರಾಯ್ತಿ ಅಮಾಸೆ?"

"ಇದು ಬಸ್ಸಲ್ಲ, ನನ್ನ ತಮ್ಮನ ಕಾರು."

ಇಂಥದ್ದಕ್ಕೆ ನಮ್ಮ ಅಜ್ಜಿಯರು ಉಪಾಯ ಮಾಡಿಟ್ಟಿದ್ದಾರೆ, ಪ್ರಸ್ಥಾನ ಇಡುವುದು ಅಂತ. ಹೊರಡುವ ದಿನ ಚೆನ್ನಾಗಿಲ್ಲವೋ, ಮುಂಚೆಯೇ ಒಂದು ಒಳ್ಳೇ ಘಳಿಗೆಯಲ್ಲಿ ನಿಮ್ಮ ಗಂಟನ್ನು ಪಕ್ಕದ ಮನೆಯಲ್ಲಿ ಇಟ್ಟುಬಿಡುವುದು. ಅಲ್ಲಿಗೆ ಪ್ರಯಾಣ ಅವತ್ತೇ ಶುರುವಾದ ಲೆಕ್ಕ! ಹೊರಡುವ ದಿನ ಆ ಗಂಟು ಎತ್ತಿಕೊಂಡು ಹೋದರಾಯಿತು. ಪಂಚಾಂಗಕ್ಕೂ ಹೀಗೊಂದು ಬೈಪಾಸ್! ಅಕ್ಕ ಮೂರು ದಿನ ಮೊದಲೇ ಪಕ್ಕದ ಮನೆಯಲ್ಲಿ ಚೀಲ ಇಟ್ಟು ಬಂದಳು. ಮುಖ್ಯವಾದದ್ದನ್ನೇ ಇಡಬೇಕಂತೆ. ಆದ್ದರಿಂದ ಅದರಲ್ಲಿ ದುರ್ಬೀನು ಇತ್ತು. ಸೀಟಿಯೂ ಇತ್ತು.

ಅಮಾಸೆ ಬಂತು. ಬೇಗ ಊಟ ಮುಗಿಸಿ ಮಧ್ಯಾಹ್ನ ಹೊರಟೆವು. ಅಕ್ಕ ಸ್ವೆಟರ್ ಹಾಕಿಕೊಂಡದ್ದಕ್ಕೆ ಭಾವ, "ಘಟ್ಟ ಇಳಿದ್ಮೇಲೆ ಅದನ್ನ ಹಿಂಡಿದ್ರೆ ಒಂದು ಕೊಡ ಬೆವರು ಸಿಗತ್ತೆ" ಅಂದರು. ನಾನು ಕಾರು ಹಿಂದೆ ತೆಗೆಯುವಾಗ ಗಾಡಿಯ ಬೆನ್ನು ತಟ್ಟುತ್ತ "ಬರ್ಲಿ, ಬರ್ಲಿ, ಬರ್ಲಿ… ಹೋಲ್ಡಾನ್!" ಆಮೇಲೆ ಹತ್ತಿ, ಬಾಗಿಲು ಬಡಿದು, "ರೈಟ್!" ಏನು ಠೀವಿ ಅಂತೀರಿ!

ಮಾಸ್ತಿಕಟ್ಟೆಯಲ್ಲಿ ಟೀ ಕುಡಿಯುವಾಗ ಅಕ್ಕ ಕೇಳಿದಳು, "ಆ ಚೀಲ ಎಲ್ಲಿ?"

ಮೂರು ಲೋಟಗಳೂ ಗಾಳಿಯಲ್ಲೇ ನಿಂತವು. ಪ್ರಯಾಣ ಎಲ್ಲಿ ಶುರುವಾಗಿತ್ತೋ ಅಲ್ಲೇ ಇತ್ತು, ಪಕ್ಕದ ಮನೆಯ ಗೂಟದಲ್ಲಿ!

"ತಿರುಗಿಸ್ಲಾ?" ಅಂದೆ.

ಭಾವ ಗಡಿಯಾರ ನೋಡಿದರು. ವಾಪಸು ಹೋಗಿ ಬಂದರೆ ಕತ್ತಲು. ನಾಳೆಗೆ ಇಳಿತ ಐವತ್ತು ನಿಮಿಷ ಲೇಟು, ಮಬ್ಬಾಗುವ ಹೊತ್ತು. "ಬ್ಯಾಡ. ರೈಟ್" ಅಂದರು. ದನಿಯಲ್ಲಿ ಸತ್ವವಿರಲಿಲ್ಲ.

ಘಾಟಿ ಇಳಿಯುತ್ತಿದ್ದಂತೆ ಬೆಚ್ಚನೆ ಗಾಳಿ ಮುಖಕ್ಕೆ ಬಡಿಯಿತು. ಅಕ್ಕ ಸ್ವೆಟರ್ ಬಿಚ್ಚಿದಳು. ಭಾವ "ನೋಡ್ದ್ಯಾ?" ಅನ್ನಲೂ ಇಲ್ಲ. ಸೇತುವೆಗಿಂತ ಮುಂಚೆ ಎಡಕ್ಕೆ ಒಂದು ಮಣ್ಣುದಾರಿ ಹಿಡಿದು ದಡಕ್ಕೆ ಹೋದೆವು. ನೀರು ಇಳಿದಿತ್ತು. ಬಿಸಿಲು ಬಿದ್ದ ಕೆಸರು ಹಿತ್ತಾಳೆ ಪರಾತದ ಹಾಗೆ ಹೊಳೆಯುತ್ತಿತ್ತು. ಅದರ ತುಂಬ ಸಣ್ಣ ಹಕ್ಕಿಗಳು ತುರುತುರು ಓಡಾಡುತ್ತಿದ್ದವು. ಕೊಕ್ಕಿನದ್ದು ಇಲ್ಲ. ದುರ್ಬೀನೂ ಇಲ್ಲ. ತೆಂಗಿನ ಮರದ ಬುಡದಲ್ಲಿ ಮೂವರೂ ಕೂತೆವು. ಒಂದು ಬಸ್ಸು ಸೇತುವೆ ದಾಟಿತು. ಇನ್ನೊಂದು ದಾಟಿತು.

ಆಗ ಮುರಿದ ದೋಣಿಯೊಂದರ ಹಿಂದಿನಿಂದ ಅದು ನಡೆದು ಬಂತು. ದುರ್ಬೀನು ಬೇಕೇ ಇಲ್ಲದಷ್ಟು ಹತ್ತಿರ! ಮಣ್ಣಿನ ಬಣ್ಣ, ಕುಡುಗೋಲು ಕೊಕ್ಕು. ಕೊಕ್ಕನ್ನು ಬುಡದವರೆಗೆ ಕೆಸರಿಗೆ ಇಳಿಸಿ ಒಂದು ಏಡಿ ಎಳೆಯಿತು. ಭಾವನ ಕೈ ತಾನಾಗಿ ಕೊರಳಿಗೆ ಹೋಯಿತು. ಸೀಟಿಯಿರಲಿಲ್ಲ. ಬಾಯಿ ತೆರೆಯಿತು. ನಾನು ಕಣ್ಣು ಮುಚ್ಚಿಕೊಂಡೆ. ಮುಗಿಯಿತು, ಮೂವತ್ತು ವರ್ಷದ್ದು ಹಾರಿಹೋಯಿತು!

ಸದ್ದೇ ಇಲ್ಲ. ಕಣ್ಣು ಬಿಟ್ಟರೆ ಭಾವ ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ. ಅವರು ಹಕ್ಕಿಯನ್ನು ನೋಡುತ್ತಿರಲಿಲ್ಲ. ಅಕ್ಕನ ಮುಖ ನೋಡುತ್ತಿದ್ದರು.

ಅಕ್ಕ ಹಕ್ಕಿಯ ಕಡೆ ಗೇಣು ಚಾಚಿ ಕೊಕ್ಕಿನ ಉದ್ದ ಅಳೆದಳು. ಆಮೇಲೆ ಪಿಸುಗುಟ್ಟಿದಳು:

"ನೀವು ಕಮ್ಮೀನೇ ಹೇಳಿದ್ರಿ ಕಣ್ರೀ."

ಭಾವ ಕೈ ತೆಗೆದರು. ಅದೇ ಅಂಗೈಯಿಂದ ಕಣ್ಣು ಒರೆಸಿಕೊಂಡರು.

ಬಿಸಿಲು ಇಳಿಯಿತು. ಕೆಸರಿನ ಅಂಚಿಗೆ ನೀರು ಮತ್ತೆ ಏರತೊಡಗಿತು. ಘಾಟಿ ದಾರಿ, ಕತ್ತಲಾದೀತೆಂದು ನಾನು ಎದ್ದು ಕಾರಿನ ಕೀ ತೆಗೆದೆ. ಭಾವ ಅಲ್ಲಾಡಲಿಲ್ಲ. ಅಕ್ಕ ಕೆಸರಿನಿಂದ ಕಣ್ಣು ತೆಗೆಯದೆ, ನನ್ನ ಕಡೆ ಕೈಯೊಂದನ್ನು ಮೇಲೆತ್ತಿ, ಮೆಲ್ಲಗೆ ಅಂದಳು:

"ಹೋಲ್ಡಾನ್."